ಹಲ್ಲಿನ ಪೋಸ್ಟ್ ಕಳಚಿ ಬಂತೇ? ಮತ್ತೆ ಅಂಟಿಸುವ ಮೊದಲು ಅದನ್ನು ಓದಿ

ಸಿಂಧನೂರು ಕಡೆಯಿಂದ ಬಂದ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ಒಂದು ಕ್ಯಾಪ್ ಇಟ್ಟರು. ಮೇಲಿನ ಮುಂದಿನ ಹಲ್ಲಿನದು. ಕ್ಯಾಪಿನ (ಅಂದರೆ ಕ್ರೌನಿನ) ಜೊತೆ ಅದನ್ನು ಹೊರುವ ಕೋರ್, ಕೋರಿನ ಜೊತೆ ಬೇರಿನ ಒಳಗೆ ಇಳಿಯುವ ಕಡ್ಡಿ, ಅಂದರೆ ಪೋಸ್ಟ್, ಎಲ್ಲಾ ಒಟ್ಟಿಗೇ ಬಂದಿತ್ತು. "ರೊಟ್ಟಿ ಕಡಿಯಾಗ ಬಂತ್ರಿ ಡಾಕ್ಟರ್ರ. ಹಂಗ ಅಂಟಿಸಿ ಕೊಟ್ಬಿಡ್ರಿ, ಮೂರಕ್ಕ ಬಸ್ ಅದ" ಅಂದರು.

ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಕ್ಲಿನಿಕ್ ಇಟ್ಟವರಿಗೆಲ್ಲ ಈ ಮಾತು ಗೊತ್ತು. ಹೊರಗೆ ಹತ್ತು ಜನ ಕೂತಿರುತ್ತಾರೆ. ಕೈ ತಾನಾಗಿ ಸಿಮೆಂಟ್ ಡಬ್ಬಿಯ ಕಡೆ ಹೋಗುತ್ತದೆ. ಶುರುವಿನ ವರ್ಷಗಳಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಒಬ್ಬರ ಒಂದೇ ಪೋಸ್ಟನ್ನು ಒಂದು ವರ್ಷದಲ್ಲಿ ಮೂರು ಸಲ ಅಂಟಿಸಿದೆ. ನಾಲ್ಕನೇ ಸಲ ಬಂದಾಗ ಬೇರು ಉದ್ದಕ್ಕೆ ಸೀಳಿತ್ತು, ಹಲ್ಲು ತೆಗೆಯಬೇಕಾಯಿತು. ಸೀಳು ಮೊದಲನೇ ಸಲವೇ ಇತ್ತೋ, ನಾನು ಅಂಟಿಸಿದ್ದರಿಂದ ಬಂತೋ? ನೋಡಿರಲಿಲ್ಲ. ಆ ಹಲ್ಲು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೋಸ್ಟ್ ಬಿದ್ದ ಕೂಡಲೇ ನಾವು ಸಿಮೆಂಟನ್ನು ಬೈಯುತ್ತೇವೆ, ಕಂಪನಿ ಬದಲಿಸುತ್ತೇವೆ. ಸಿಮೆಂಟ್ ತಪ್ಪು ಮಾಡುವುದಿಲ್ಲ ಅಂತ ಅಲ್ಲ. ಆದರೆ ಉದ್ದ ಸಾಲದ, ಸರಿಯಾಗಿ ಕೂರದ, ಹಿಡಿತಕ್ಕೆ ಹಲ್ಲೇ ಉಳಿದಿಲ್ಲದ ಪೋಸ್ಟನ್ನು ಯಾವ ಸಿಮೆಂಟೂ ಕಾಯಲಾರದು. ಎಲ್ಲಿ ಎಡವಿದೆ ಅನ್ನುವುದನ್ನು ಕಳಚಿ ಬಂದ ಪೋಸ್ಟೇ ಹೇಳುತ್ತದೆ. ಹಾಗಾಗಿ ರೋಗಿ ತಂದ ತುಂಡನ್ನು ತೊಳೆಯಬೇಡಿ, ಅಲ್ಟ್ರಾಸಾನಿಕ್ ಬಾತ್‌ಗೆ ಹಾಕಬೇಡಿ, ಸ್ಕೇಲರ್‌ನಿಂದ ಕೆರೆಯಬೇಡಿ. ಗ್ಲೌಸ್ ಹಾಕಿಕೊಂಡು, ಒಣಗಿಸಿ, ಲೂಪ್ಸ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಕೆಳಗೆ ಇಟ್ಟು ನೋಡಿ. ಫೋನಿನಲ್ಲಿ ನಾಲ್ಕೂ ಕಡೆಯಿಂದ ಒಂದೊಂದು ಫೋಟೋ ತೆಗೆದಿಡಿ.

ಮೊದಲು ಬೇರು

ಬೇರು ಸೀಳಿದ್ದರೆ ಮುಂದಿನ ಯಾವ ಮಾತಿಗೂ ಬೆಲೆಯಿಲ್ಲ. ಒಸಡಿನ ಆಳ ಅಳೆಯುವ ಪ್ರೋಬನ್ನು ಹಲ್ಲಿನ ಸುತ್ತ ನಿಧಾನವಾಗಿ ನಡೆಸಿ. ಸುತ್ತಲೂ 2-3 ಮಿ.ಮೀ. ಇದ್ದು, ಒಂದೇ ಒಂದು ಇಕ್ಕಟ್ಟಾದ ಜಾಗದಲ್ಲಿ ಸರಕ್ಕನೆ ಆಳಕ್ಕೆ ಇಳಿದರೆ ಸೀಳಿನ ಅನುಮಾನ ಗಟ್ಟಿ. ಒಸಡಿನ ಅಂಚಿಗೆ ಹತ್ತಿರದಲ್ಲೇ ಕೀವಿನ ಗುಳ್ಳೆ ಇದ್ದರೂ ಅಷ್ಟೇ. ಐಓಪಿಎ (ಬಾಯೊಳಗೆ ಫಿಲ್ಮ್ ಇಟ್ಟು ತೆಗೆಯುವ) ಎಕ್ಸ್‌ರೇಯಲ್ಲಿ ಬೇರಿನ ಒಂದು ಪಕ್ಕದಿಂದ ಇಳಿದು ತುದಿಯನ್ನು ಸುತ್ತುವ, ಇಂಗ್ಲಿಷಿನ ಜೆ ಅಕ್ಷರದಂಥ ಕಪ್ಪು ನೆರಳು ಕಂಡರೆ ಇನ್ನೂ ಜೋಪಾನ. ಎಕ್ಸ್‌ರೇ ಒಂದೇ ಕೋನದಿಂದ ಸಾಲದು, ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಇನ್ನೊಂದು ತೆಗೆಯಿರಿ.

ಪೋಸ್ಟ್ ಹೊರಗೆ ಬಂದಿರುವುದು ಒಂದು ಲೆಕ್ಕಕ್ಕೆ ಒಳ್ಳೆಯ ಅವಕಾಶ. ಒಳಗೋಡೆ ಕಣ್ಣಿಗೆ ಕಾಣುತ್ತದೆ. ಒಣಗಿಸಿ, ಮೆಥಿಲಿನ್ ಬ್ಲೂ ಬಣ್ಣ ಒಂದು ಹನಿ ಹಾಕಿ, ತೊಳೆದು ನೋಡಿ. ನೀಲಿ ಗೆರೆ ಉದ್ದಕ್ಕೆ ಇಳಿದಿದ್ದರೆ ಅಂಟಿಸುವ ಮಾತೇ ಇಲ್ಲ. ರೋಗಿಗೆ ಅಂದೇ ನೇರವಾಗಿ ಹೇಳಿ. ಬಸ್ ಚಾರ್ಜು, ಒಂದು ದಿನದ ಕೂಲಿ ಕಳೆದುಕೊಂಡು ಬರುವ ಜನ ನಮ್ಮವರು. ಆಗದ ಹಲ್ಲಿಗೆ ಅವರನ್ನು ಮತ್ತೆ ಮತ್ತೆ ಓಡಾಡಿಸುವುದು ಸರಿಯಲ್ಲ.

ಬೇರು ಗಟ್ಟಿ ಇದ್ದರೆ ಮುಂದೆ ಫೆರೂಲ್, ಅಂದರೆ ಕ್ರೌನ್ ಸುತ್ತುಗಟ್ಟಿ ಹಿಡಿಯುವ ಹಲ್ಲಿನ ಪಟ್ಟಿ. ಒನಕೆಯ ತುದಿಗೆ ಕಬ್ಬಿಣದ ಬಳೆ ಹಾಕುತ್ತಾರಲ್ಲ, ಕುಟ್ಟುವಾಗ ಕಟ್ಟಿಗೆ ಸೀಳಬಾರದು ಅಂತ? ಕ್ರೌನ್ ಮಾಡುವ ಕೆಲಸ ಅದೇ. ಬಳೆ ಹಿಡಿಯಬೇಕಾದರೆ ಒಳಗೆ ಕಟ್ಟಿಗೆ ಇರಬೇಕು. ಕ್ರೌನಿನ ಅಂಚಿನಿಂದ ಮೇಲೆ, ಕೋರಿನ ಕೆಳಗೆ, ಸುತ್ತಲೂ 1.5ರಿಂದ 2 ಮಿ.ಮೀ. ಎತ್ತರದ ಗಟ್ಟಿ ಹಲ್ಲು ಬೇಕು. ಅದಿಲ್ಲದಿದ್ದರೆ ಪ್ರತಿ ಕಚ್ಚಿಗೂ ಪೋಸ್ಟ್ ಸನ್ನೆಕೋಲಿನ ಹಾಗೆ ಅಲುಗುತ್ತದೆ. ಸಿಮೆಂಟ್ ಮೊದಲು ಸಣ್ಣದಾಗಿ ಬಿರುಕು ಬಿಡುತ್ತದೆ, ಆಮೇಲೆ ಜೊಲ್ಲು ಒಳಗೆ ನುಗ್ಗುತ್ತದೆ, ಆಮೇಲೆ ಹುಳುಕು. ರೋಗಿಗೆ ಪೋಸ್ಟ್ "ಇವತ್ತು" ಬಿದ್ದ ಹಾಗೆ ಅನಿಸುತ್ತದೆ. ನಿಜಕ್ಕೂ ಅದು ಎಷ್ಟೋ ತಿಂಗಳ ಹಿಂದೆಯೇ ಸಡಿಲಾಗಿರುತ್ತದೆ. ಮೂಗಿಗೆ ಹತ್ತಿರ ಹಿಡಿದರೆ ಗೊತ್ತಾಗುತ್ತದೆ: ಕೆಟ್ಟ ವಾಸನೆ, ಸಿಮೆಂಟಿನ ಮೇಲೆ ಕಂದು ಕಲೆ ಇದ್ದರೆ ಸೋರಿಕೆ ಹಳೆಯದು.

ಫೆರೂಲ್ ಇಲ್ಲದ ಹಲ್ಲಿಗೆ ದಾರಿ ಎರಡು. ಒಸಡು, ಮೂಳೆ ಸ್ವಲ್ಪ ಇಳಿಸಿ ಹಲ್ಲನ್ನು ತೋರಿಸುವುದು, ಇಲ್ಲಾ ಆರ್ಥೊ (ತಂತಿ ಚಿಕಿತ್ಸೆ) ಮಾಡಿ ಬೇರನ್ನು ಹೊರಗೆ ಎಳೆಯುವುದು. ಎರಡೂ ಆಗದಿದ್ದರೆ ಬ್ರಿಡ್ಜ್ ಅಥವಾ ಇಂಪ್ಲಾಂಟ್ ಬಗ್ಗೆ ಮಾತಾಡಿ. ಇನ್ನೂ ಜಾಸ್ತಿ ಗಟ್ಟಿ ಸಿಮೆಂಟ್ ತರಿಸುವುದು ದಾರಿ ಅಲ್ಲ.

ಸ್ಕೇಲ್ ಹಿಡಿದು ಅಳೆಯಿರಿ

ಕಣ್ಣಂದಾಜು ಬೇಡ. ಪೋಸ್ಟಿನ ಉದ್ದ, ಕ್ರೌನಿನ ಎತ್ತರ, ಎಕ್ಸ್‌ರೇಯಲ್ಲಿ ಬೇರಿನ ಉದ್ದ, ಮೂರನ್ನೂ ಬರೆದಿಡಿ. ಪೋಸ್ಟ್ ಕಡೇ ಪಕ್ಷ ಕ್ರೌನಿನಷ್ಟು ಉದ್ದ ಇರಬೇಕು, ಇಲ್ಲವೇ ಬೇರಿನ ಮೂರರಲ್ಲಿ ಎರಡು ಪಾಲು ಇರಬೇಕು ಅಂತ ಕಾಲೇಜಿನಲ್ಲಿ ಕಲಿತಿದ್ದೇವೆ. ತುದಿಯಲ್ಲಿ 4-5 ಮಿ.ಮೀ. ಗಟ್ಟಾ ಪರ್ಚಾ (ಬೇರಿನ ನಾಳ ತುಂಬಿದ ವಸ್ತು) ಬಿಡಬೇಕು ಅಂತಲೂ ಕಲಿತಿದ್ದೇವೆ. ಕ್ರೌನಿನಷ್ಟು ಉದ್ದ, ತುದಿಯಲ್ಲಿ ಗಟ್ಟಾ ಪರ್ಚಾ, ಈ ಎರಡೂ ಎಲ್ಲಾ ಹಲ್ಲಿನಲ್ಲೂ ಒಟ್ಟಿಗೆ ನಡೆಯುವುದಿಲ್ಲ. ಮೇಲಿನ ನಡುಹಲ್ಲನ್ನೇ ತೆಗೆದುಕೊಳ್ಳಿ. ಸರಾಸರಿ ಕ್ರೌನ್ 10.5 ಮಿ.ಮೀ., ಬೇರು 13. ತುದಿಗೆ 4 ಬಿಟ್ಟರೆ ಪೋಸ್ಟಿಗೆ ಸಿಗುವುದು 9. ಬೇರಿನ ಮೂರರಲ್ಲಿ ಎರಡು ಪಾಲು ಹೇಗೋ ಸಿಕ್ಕಿತು, ಕ್ರೌನಿನಷ್ಟು ಉದ್ದ ಸಿಗಲೇ ಇಲ್ಲ! ಇಂಥ ಕಡೆ ನಾನು ತುದಿಯ ಸೀಲನ್ನು, ಅಂದರೆ ಆ ಗಟ್ಟಾ ಪರ್ಚಾವನ್ನು, ಬಿಟ್ಟುಕೊಡುವುದಿಲ್ಲ. ಕಡಿಮೆ ಬಿದ್ದ ಹಿಡಿತವನ್ನು ಫೆರೂಲ್, ಒಳ್ಳೆಯ ಫಿಟ್, ಸಿಮೆಂಟ್ ಈ ಮೂರರಿಂದ ತುಂಬಿಸಿಕೊಳ್ಳುತ್ತೇನೆ. ಕೋರೆಹಲ್ಲಿನ ಬೇರು ಸುಮಾರು 17 ಮಿ.ಮೀ. ಇರುತ್ತದೆ, ಅಲ್ಲಿ ಈ ಕಷ್ಟವಿಲ್ಲ.

ಉದ್ದ ಸಿಗಲಿಲ್ಲ ಅಂತ ದಪ್ಪ ಮಾಡಲು ಹೋಗಬೇಡಿ. ದಪ್ಪ ಹೆಚ್ಚಿಸಿದರೆ ಹಿಡಿತ ಸಿಗುವುದು ಕೊಂಚ, ಬೇರು ಸೊರಗುವುದು ಬಹಳ. ಪೋಸ್ಟಿನ ಅಗಲ ಬೇರಿನ ಅಗಲದ ಮೂರನೇ ಒಂದು ಪಾಲು ದಾಟಬಾರದು, ಸುತ್ತ ಕನಿಷ್ಠ 1 ಮಿ.ಮೀ. ಡೆಂಟಿನ್ (ಹಲ್ಲಿನ ಒಳಪದರ) ಉಳಿಯಬೇಕು.

ಎಕ್ಸ್‌ರೇಯಲ್ಲಿ ಪೋಸ್ಟಿನ ತುದಿಗೂ ಗಟ್ಟಾ ಪರ್ಚಾಕ್ಕೂ ನಡುವೆ ಖಾಲಿ ಜಾಗ ಇದೆಯೇ? ಹಳೆಯ ಎಕ್ಸ್‌ರೇ ಇದ್ದರೆ ತೆಗೆದು ನೋಡಿ. ಖಾಲಿ ಜಾಗ ಇದ್ದರೆ ಪೋಸ್ಟ್ ಅಂದೇ ಪೂರ್ತಿ ಕೂತಿರಲಿಲ್ಲ ಎಂದರ್ಥ.

ಈಗ ಪೋಸ್ಟಿನ ಮೈ ನೋಡಿ

ಇದು ಮುಖ್ಯವಾದ ಭಾಗ. ಸಿಮೆಂಟ್ ಎಲ್ಲಿ ಉಳಿದಿದೆ? ಪೋಸ್ಟಿನ ಮೇಲೋ, ಬೇರಿನ ಒಳಗೋ, ಎರಡೂ ಕಡೆಯೋ? ಸಿಮೆಂಟ್ ಯಾರನ್ನು ಬಿಟ್ಟಿದೆಯೋ ತಪ್ಪು ಆ ಕಡೆ ಇದೆ.

ಪೋಸ್ಟ್ ಬರೀ ಮೈಯಲ್ಲಿ ಹೊಳೆಯುತ್ತಾ ಬಂದಿದೆ, ಸಿಮೆಂಟ್ ಎಲ್ಲಾ ಒಳಗೋಡೆಗೇ ಉಳಿದಿದೆ ಅನ್ನಿ. ಆಗ ಪೋಸ್ಟಿನ ಮೈ ನುಣುಪಾಗಿತ್ತು, ಇಲ್ಲಾ ಕೊಳೆಯಾಗಿತ್ತು. ಲ್ಯಾಬಿನವರು ಕ್ರೌನಿಗೆ ಪಾಲಿಶ್ ಕೊಟ್ಟ ಕೈಯಲ್ಲೇ ಪೋಸ್ಟಿಗೂ ಕೊಟ್ಟಿರುತ್ತಾರೆ. ಅಥವಾ ಫಿಟ್ ನೋಡಲು ಹಾಕಿದ ಸ್ಪ್ರೇ, ಪೇಸ್ಟ್ ಸರಿಯಾಗಿ ಒರೆಸಿಲ್ಲ. ಅಥವಾ ನೋಡಿ ತೆಗೆದ ಮೇಲೆ ಜೊಲ್ಲು ತಾಗಿದ ಪೋಸ್ಟನ್ನು ಹಾಗೇ ಅಂಟಿಸಿದ್ದೇವೆ. ಲೋಹದ ಪೋಸ್ಟಿಗೆ ಪರಿಹಾರ ಸರಳ: 50 ಮೈಕ್ರಾನ್ ಅಲ್ಯೂಮಿನಾದಿಂದ ಸ್ಯಾಂಡ್‌ಬ್ಲಾಸ್ಟ್. ಅದೂ ಫಿಟ್ ನೋಡಿ ಮುಗಿದ ಮೇಲೆ, ಅಂಟಿಸುವ ಸ್ವಲ್ಪ ಮೊದಲು. ಲ್ಯಾಬಿನಲ್ಲಿ ಮೊನ್ನೆ ಮಾಡಿದ ಸ್ಯಾಂಡ್‌ಬ್ಲಾಸ್ಟ್ ಮೇಲೆ ಇವತ್ತು ನಮ್ಮ ಬೆರಳಿನ ಎಣ್ಣೆ ಕೂತಿರುತ್ತದೆ. ಕ್ಲಿನಿಕ್ಕಿನಲ್ಲಿ ಒಂದು ಚಿಕ್ಕ ಮೈಕ್ರೋಬ್ಲಾಸ್ಟರ್ ಇಟ್ಟುಕೊಳ್ಳಿ, ಅದರ ದುಡ್ಡು ಬೇಗ ಹುಟ್ಟುತ್ತದೆ. ಅದಿಲ್ಲದಿದ್ದರೆ ಡಿಸ್ಕಿನಿಂದ ಪೋಸ್ಟಿಗೆ ಅಡ್ಡಡ್ಡ ಸಣ್ಣ ಗೀರು ಹಾಕಿ. ಜಿಂಕ್ ಫಾಸ್ಫೇಟ್ ಸಿಮೆಂಟ್ ಯಾವುದಕ್ಕೂ ರಾಸಾಯನಿಕವಾಗಿ ಅಂಟುವುದಿಲ್ಲ, ಒರಟು ಮೈಯ ಸಂದುಗಳಲ್ಲಿ ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ. ಕಚ್ಚಲು ಏನೂ ಇಲ್ಲದಿದ್ದರೆ ಜಾರಿ ಬರುತ್ತದೆ.

ಪೋಸ್ಟ್ ಮೈತುಂಬಾ ಸಿಮೆಂಟ್ ಹೊದ್ದುಕೊಂಡು ಬಂದಿದೆ, ಒಳಗೋಡೆ ಬರಿದಾಗಿದೆ ಅನ್ನಿ. ಆಗ ತಪ್ಪು ಡೆಂಟಿನ್ ಕಡೆ. ಫೈಬರ್ (ಗಾಜಿನೆಳೆಯ) ಪೋಸ್ಟುಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಒಳಗೋಡೆಗೆ ಬೆಳಕು ಬಿಟ್ಟು ನೋಡಿ: ಗುಲಾಬಿ ಬಣ್ಣದ ಗಟ್ಟಾ ಪರ್ಚಾದ ಪದರ, ಹಳದಿ ಸೀಲರ್ (ಗಟ್ಟಾ ಪರ್ಚಾ ಅಂಟಿಸುವ ಪೇಸ್ಟ್) ಇನ್ನೂ ಮೆತ್ತಿಕೊಂಡಿರುತ್ತದೆ. ಸಿಮೆಂಟ್ ಅಂಟಿದ್ದು ಅದಕ್ಕೆ, ಹಲ್ಲಿಗಲ್ಲ. ಸೀಲರ್ ಯೂಜಿನಾಲ್ ಇರುವ ಬಗೆಯದಾದರೆ ಇನ್ನೊಂದು ತೊಂದರೆ. ಲವಂಗದೆಣ್ಣೆಯ ಆ ಅಂಶ ರೆಸಿನ್ ಸಿಮೆಂಟ್ ಗಟ್ಟಿಯಾಗುವುದನ್ನು ತಡೆಯುತ್ತದೆ. ತಾತ್ಕಾಲಿಕ ಕ್ಯಾಪಿಗೆ ಯೂಜಿನಾಲ್ ಸಿಮೆಂಟ್ ಹಾಕಿದ್ದರೂ ಅದೇ ಕಥೆ.

ನಾಳ ತೊಳೆಯುವ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಕೂಡ ಹಾಗೇ. ಕೊನೆಯಲ್ಲಿ ಹೈಪೋ ಬಿಟ್ಟು ಹಾಗೇ ಒಣಗಿಸಿದರೆ ಡೆಂಟಿನ್ ಮೇಲೆ ಉಳಿದ ಆಮ್ಲಜನಕ ರೆಸಿನ್ನನ್ನು ಕೆಡಿಸುತ್ತದೆ. ನಾನು ಪೀಸೋ ಡ್ರಿಲ್‌ನಿಂದ ಗೋಡೆ ಕೆರೆದು, 17% ಇಡಿಟಿಎ ದ್ರಾವಣ ಒಂದು ನಿಮಿಷ ಬಿಟ್ಟು, ಕೊನೆಗೆ ಬರೀ ಸಲೈನ್ ಅಥವಾ ಡಿಸ್ಟಿಲ್ಡ್ ವಾಟರ್‌ನಿಂದ ಧಾರಾಳವಾಗಿ ತೊಳೆಯುತ್ತೇನೆ. ಹೈಪೋ ಇರುವಾಗಲೇ ಕ್ಲೋರ್‌ಹೆಕ್ಸಿಡಿನ್ ಬಿಡಬೇಡಿ, ಎರಡೂ ಸೇರಿದರೆ ಕಂದು ಬಣ್ಣದ ಗಸಿ ಗೋಡೆಗೆ ಕೂರುತ್ತದೆ. ಒಣಗಿಸುವುದು ಪೇಪರ್ ಪಾಯಿಂಟಿನಿಂದ. ಗಾಳಿ ಊದಿ ಸುಡುಗಾಡಿನಂತೆ ಒಣಗಿಸಬೇಡಿ, ತುದಿಯಲ್ಲಿ ನೀರು ನಿಲ್ಲಲೂ ಬಿಡಬೇಡಿ.

ಸಿಮೆಂಟ್ ಎರಡೂ ಕಡೆ ಇದೆ, ಉಗುರಿನಿಂದ ಗೀರಿದರೆ ಸುಣ್ಣದ ಹಾಗೆ ಪುಡಿ ಉದುರುತ್ತದೆ ಅಂದರೆ ಸಿಮೆಂಟೇ ದುರ್ಬಲ. ತೆಳ್ಳಗೆ ಕಲೆಸಿದ್ದು, ಗಟ್ಟಿಯಾಗಲು ಶುರುವಾದ ಮೇಲೆ ಪೋಸ್ಟ್ ಕೂರಿಸಿದ್ದು, ಗಟ್ಟಿಯಾಗುವ ಮೊದಲೇ ಅಲುಗಾಡಿಸಿದ್ದು, ಈ ಮೂರರಲ್ಲಿ ಒಂದು. ಪೋಸ್ಟಿನ ಮೇಲರ್ಧದಲ್ಲಿ ಮಾತ್ರ ಸಿಮೆಂಟ್ ಇದ್ದು ತುದಿ ಖಾಲಿ ಇದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿತ್ತು. ಬರೀ ಪೋಸ್ಟಿಗೆ ಸಿಮೆಂಟ್ ಸವರಿ ಒತ್ತಿದಾಗ ಹೀಗಾಗುತ್ತದೆ. ಜಿಂಕ್ ಫಾಸ್ಫೇಟ್ ಆದರೆ ಲೆಂಟುಲೋ ಎಂಬ ತಿರುಗುವ ಸುರುಳಿ ತಂತಿಯಿಂದ ಒಳಗೋಡೆಗೂ ಬಳಿಯಿರಿ. ರೆಸಿನ್ ಆದರೆ ಉದ್ದ ಮೂತಿಯ ಟಿಪ್ ತುದಿಯವರೆಗೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ತುಂಬುತ್ತಾ ಬನ್ನಿ. ರೆಸಿನ್ ಸಿಮೆಂಟುಗಳಲ್ಲಿ ಲೆಂಟುಲೋ ತಿರುಗಿಸಿದರೆ ಕೆಲವು ಬೇಗ ಬಿಗಿದುಬಿಡುತ್ತವೆ. ಕಂಪನಿಯ ಹಾಳೆ ಓದಿ ನಿರ್ಧರಿಸಿ.

ಒಂದು ಪಕ್ಕ ಸಿಮೆಂಟ್ ದಪ್ಪ, ಇನ್ನೊಂದು ಪಕ್ಕ ಲೋಹ ಕಾಣುವಷ್ಟು ತೆಳು ಇದ್ದರೆ? ಪೋಸ್ಟ್ ಆ ಜಾಗಕ್ಕೆ ಹೊಂದಿದ್ದೇ ಅಲ್ಲ. ಇಲ್ಲಿಂದ ಲ್ಯಾಬಿನ ಕಡೆ ಹೋಗೋಣ.

ಕ್ರೌನ್ ಹಿಗ್ಗಬೇಕು, ಪೋಸ್ಟ್ ಹಿಗ್ಗಬಾರದು

ಎರಕದ ಪೋಸ್ಟುಗಳ ತೊಂದರೆಯ ದೊಡ್ಡ ಪಾಲು ಈ ಒಂದು ಮಾತಿನಲ್ಲಿದೆ. ಲೋಹ ಕರಗಿ ಗಟ್ಟಿಯಾಗುವಾಗ ಕುಗ್ಗುತ್ತದೆ. ಚಿನ್ನದ ಮಿಶ್ರಲೋಹ ಸುಮಾರು 1.4ರಿಂದ 1.7%, ನಿಕಲ್-ಕ್ರೋಮಿಯಂ 2%ಗಿಂತ ಜಾಸ್ತಿ. ಹಟ್ಟಿ ಚಿನ್ನದ ಗಣಿ ನಮ್ಮ ಜಿಲ್ಲೆಯಲ್ಲೇ ಇದ್ದರೂ ಚಿನ್ನದ ಪೋಸ್ಟ್ ಮಾಡಿಸುವ ಶಕ್ತಿ ನಮ್ಮ ರೋಗಿಗಳಿಗೆ ಇಲ್ಲ. ನಮ್ಮಲ್ಲಿ ನಡೆಯುವುದು ನಿಕಲ್-ಕ್ರೋಮಿಯಂ. ಈ ಕುಗ್ಗುವಿಕೆ ಸರಿದೂಗಲು ಎರಕದ ಅಚ್ಚನ್ನು, ಅಂದರೆ ಇನ್ವೆಸ್ಟ್‌ಮೆಂಟನ್ನು, ಹಿಗ್ಗಿಸುತ್ತಾರೆ. ಕ್ರೌನಿಗೆ ಇದು ಸರಿ. ಕ್ರೌನ್ ಹಲ್ಲಿನ ಹೊರಗೆ ಕೂರುತ್ತದೆ, ಒಳಗಿನ ಜಾಗ ಕೂದಲಷ್ಟು ದೊಡ್ಡದಾದರೆ ಸುಲಭವಾಗಿ ಕೂರುತ್ತದೆ. ಪೋಸ್ಟ್ ಹಲ್ಲಿನ ಒಳಗೆ ಕೂರುತ್ತದೆ. ಅದು ಕೂದಲಷ್ಟು ದೊಡ್ಡದಾದರೂ ನಡುವೆಯೇ ಸಿಕ್ಕಿ ನಿಲ್ಲುತ್ತದೆ.

ಹಾಗಾಗಿ ಪೋಸ್ಟನ್ನು ಬೇರೆ ರಿಂಗಿನಲ್ಲಿ (ಅಚ್ಚು ಕಟ್ಟುವ ಬಳೆ), ಒಳಗೆ ಮೆತ್ತನೆಯ ಲೈನರ್ ಪಟ್ಟಿ ಹಾಕದೆ, ಇನ್ವೆಸ್ಟ್‌ಮೆಂಟ್ ಕಲೆಸುವ ಸ್ಪೆಷಲ್ ಲಿಕ್ವಿಡ್ಡಿಗೆ ನೀರು ಸ್ವಲ್ಪ ಹೆಚ್ಚು ಬೆರೆಸಿ ಎರಕ ಹೊಯ್ಯಬೇಕು. ಆಗ ಹಿಗ್ಗುವುದು ಕಡಿಮೆ, ಪೋಸ್ಟ್ ಒಂದು ಎಳೆ ಸಣ್ಣದಾಗಿ ಬರುತ್ತದೆ. ಆ ಎಳೆಯ ಜಾಗವೇ ಸಿಮೆಂಟಿನದು. ಕೆಲಸದ ಒತ್ತಡ ಇರುವ ಲ್ಯಾಬುಗಳಲ್ಲಿ ಹತ್ತು ಕ್ರೌನಿನ ಜೊತೆ ನಮ್ಮ ಪೋಸ್ಟೂ ಒಂದೇ ರಿಂಗಿಗೆ ಹೋಗುತ್ತದೆ. ಲ್ಯಾಬಿನವರ ತಪ್ಪು ಅಂತ ಸುಮ್ನೆ ಬೈದು ಪ್ರಯೋಜನವಿಲ್ಲ. ನಾವು ಬರೆದು ಕಳಿಸಿದ್ದೇವೆಯೇ?

ಬಿಗಿಯಾಗಿ ಬಂದ ಪೋಸ್ಟಿಗೆ ಕ್ಲಿನಿಕ್ಕಿನಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಒತ್ತಿ ಕೂರಿಸುವುದು. ಅದು ಬೆಣೆ ಹೊಡೆದ ಹಾಗೆ. ಬೇರು ಸೀಳುವ ಬೀಜ ಅಲ್ಲೇ ಬಿತ್ತು. ಎರಡು, ಸುತ್ತಲೂ ತಿಕ್ಕಿ ತಿಕ್ಕಿ ಸಣ್ಣ ಮಾಡುವುದು. ಆಗ ಕೂರುತ್ತದೆ, ಆದರೆ ಎಲ್ಲಾ ಕಡೆ ಸಡಿಲ. ಬಿಗಿ ಇರುವುದು ಸಾಮಾನ್ಯವಾಗಿ ಒಂದೆರಡು ಚುಕ್ಕಿ ಜಾಗದಲ್ಲಿ ಮಾತ್ರ. ಇನ್ವೆಸ್ಟ್ ಮಾಡುವಾಗ ಗಾಳಿಗುಳ್ಳೆ ಉಳಿದರೆ ಎರಕದ ಮೇಲೆ ಸಾಸಿವೆ ಕಾಳಿನಂಥ ಗಂಟು ಬರುತ್ತದೆ, ಅದೇ ತಡೆಯುತ್ತದೆ. ಲೂಪ್ಸಿನಲ್ಲಿ ಹುಡುಕಿ. ಫಿಟ್ ಚೆಕ್ ಸ್ಪ್ರೇ ಹಾಕಿ, ಮೆಲ್ಲಗೆ ಇಳಿಸಿ, ಲೋಹ ಕಂಡ ಚುಕ್ಕಿಯನ್ನು ಮಾತ್ರ ಸಣ್ಣ ರೌಂಡ್ ಬರ್‌ನಿಂದ ತೆಗೆಯಿರಿ. ಪೋಸ್ಟ್ ತನ್ನ ಭಾರಕ್ಕೇ ಇಳಿದಂತೆ ಸಲೀಸಾಗಿ ಕೂರಬೇಕು, ಕೂತ ಮೇಲೆ ತಿರುಗಬಾರದು. ತಿರುಗಿದರೆ ಬೇರಿನ ದಪ್ಪ ಗೋಡೆಯ ಕಡೆ ಒಂದು ಸಣ್ಣ ಕಚ್ಚು ಕೊರೆದು ಪ್ಯಾಟರ್ನ್ (ಎರಕಕ್ಕಾಗಿ ಬೇರಿನಲ್ಲೇ ತೆಗೆಯುವ ಮಾದರಿ) ಮತ್ತೆ ತೆಗೆಯಬೇಕು.

ಪೋಸ್ಟಿನ ಉದ್ದಕ್ಕೂ ಒಂದು ತೆಳು ತೋಡು, ಅಂದರೆ ವೆಂಟ್, ಇದೆಯೇ ನೋಡಿ. ಇಲ್ಲದಿದ್ದರೆ ಸಿಮೆಂಟ್ ಹೊರಗೆ ಬರಲು ದಾರಿ ಇರುವುದಿಲ್ಲ. ಕೈ ಬಿಟ್ಟ ಕೂಡಲೇ ಪೋಸ್ಟ್ ಮೇಲಕ್ಕೆ ಏಳುತ್ತದೆ. ಅಂಟಿಸುವ (ಲೂಟಿಂಗ್) ಸಿಮೆಂಟಿನ ಪದರಕ್ಕೆ ಐಎಸ್‌ಒ ಇಟ್ಟ ಮಿತಿ 25 ಮೈಕ್ರಾನ್. ಎದ್ದು ನಿಂತ ಪೋಸ್ಟಿನ ಸುತ್ತ ಅದರ ಎಷ್ಟೋ ಪಟ್ಟು ಸಿಮೆಂಟ್ ಉಳಿಯುತ್ತದೆ, ಕ್ರೌನಿನ ಅಂಚೂ ತೆರೆದುಕೊಳ್ಳುತ್ತದೆ.

ಪ್ಯಾಟರ್ನ್ ಬಗ್ಗೆ ನಮ್ಮ ಊರಿಗೇ ಸೇರಿದ ಒಂದು ಮಾತು. ಇನ್‌ಲೇ ವ್ಯಾಕ್ಸಿನಲ್ಲಿ ತೆಗೆದ ಪ್ಯಾಟರ್ನನ್ನು ಮೇ ತಿಂಗಳಲ್ಲಿ ಡಬ್ಬಿಗೆ ಹಾಕಿ ಬಸ್ಸಿನಲ್ಲಿ ಹುಬ್ಬಳ್ಳಿಗೋ ಹೈದರಾಬಾದಿಗೋ ಕಳಿಸಿದರೆ ಏನಾಗುತ್ತದೆ? ಇಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ, ಬಸ್ಸಿನ ಡಿಕ್ಕಿಯಲ್ಲಿ ಇನ್ನೂ ಹೆಚ್ಚು. ಮೇಣ ಬಾಗದೆ ಇರುತ್ತದೆಯೇ? ಲ್ಯಾಬಿನವರು ಬಾಗಿದ್ದನ್ನೇ ನಿಷ್ಠೆಯಿಂದ ಎರಕ ಹೊಯ್ದು ಕಳಿಸುತ್ತಾರೆ. ಬೇಸಿಗೆಯಲ್ಲಿ ನಾನು ಪ್ಯಾಟರ್ನ್ ರೆಸಿನ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಅದೂ ಗಟ್ಟಿಯಾಗುವಾಗ ಕುಗ್ಗುತ್ತದೆ, ಹೆಚ್ಚಿನ ಪಾಲು ಮೊದಲ ಕೆಲವು ನಿಮಿಷಗಳಲ್ಲೇ. ಆದ್ದರಿಂದ ಬ್ರಷ್ಷಿನಿಂದ ಸ್ವಲ್ಪ ಸ್ವಲ್ಪವೇ ಕಟ್ಟುತ್ತಾ ಹೋಗಬೇಕು. ಗಟ್ಟಿಯಾಗುತ್ತಿರುವಾಗ ಒಂದೆರಡು ಸಲ ಅರ್ಧ ಎಳೆದು ಮತ್ತೆ ಕೂರಿಸಬೇಕು, ಇಲ್ಲದಿದ್ದರೆ ಒಳಗೇ ಸಿಕ್ಕಿಕೊಳ್ಳುತ್ತದೆ. ಇಂಪ್ರೆಷನ್ (ಅಳತೆಯ ಅಚ್ಚು) ಕಳಿಸುವವರು ಅದರ ತೆಳು ವಸ್ತು ಲೈಟ್ ಬಾಡಿಯನ್ನು ಲೆಂಟುಲೋದಿಂದ ಇಳಿಸಿ, ನಡುವೆ ಅಡ್ಹೆಸಿವ್ ಹಚ್ಚಿದ ತಂತಿ ಇಡಿ.

ನಮ್ಮ ಬಿಸಿಲು, ನಮ್ಮ ಸಿಮೆಂಟ್

ಚೆನ್ನಾಗಿ ಕೂರುವ, ಉದ್ದ ಸಾಕಷ್ಟಿರುವ ಎರಕದ ಪೋಸ್ಟಿಗೆ ಜಿಂಕ್ ಫಾಸ್ಫೇಟ್ ಸಾಕು. ಗ್ಲಾಸ್ ಅಯನೋಮರ್ ಕೂಡ ಸಾಕು. ನನ್ನ ಈ ಮಾತನ್ನು ಹಳೇ ಕಾಲದ್ದು ಅನ್ನುವ ಗೆಳೆಯರಿದ್ದಾರೆ. ಆದರೆ ಜಿಂಕ್ ಫಾಸ್ಫೇಟ್ ನೂರು ವರ್ಷಕ್ಕೂ ಮೀರಿ ಬಾಯಲ್ಲಿ ನಿಂತು ತೋರಿಸಿದೆ. ಮುಂದೆ ಯಾವಾಗಾದರೂ ಪೋಸ್ಟ್ ತೆಗೆಯಬೇಕಾಗಿ ಬಂದರೆ ಅಲ್ಟ್ರಾಸಾನಿಕ್ ಹಿಡಿದು ತೆಗೆಯಬಹುದು. ರೆಸಿನ್ನಿನಲ್ಲಿ ಅಂಟಿಸಿದ ಲೋಹದ ಪೋಸ್ಟ್ ತೆಗೆಯುವುದು ಬಹಳ ಕಷ್ಟ. ಉದ್ದ ಕಡಿಮೆ ಇದ್ದಾಗ, ಮತ್ತು ಫೈಬರ್ ಪೋಸ್ಟಿಗೆ, ನಾನು ರೆಸಿನ್ ಆರಿಸುತ್ತೇನೆ.

ಜಿಂಕ್ ಫಾಸ್ಫೇಟ್ ಬಿಸಿಲಿಗೆ ಬೇಗ ಬಿಗಿಯುತ್ತದೆ. ಏಪ್ರಿಲ್, ಮೇನಲ್ಲಿ ಅಸಿಸ್ಟೆಂಟ್ ಏನು ಮಾಡುತ್ತಾಳೆ? ಟೈಮ್ ಸಿಗಲಿ ಅಂತ ಪುಡಿ ಕಡಿಮೆ ಹಾಕುತ್ತಾಳೆ. ಸಿಮೆಂಟ್ ತೆಳ್ಳಗಾಗುತ್ತದೆ. ಹುಳಿ ಜಾಸ್ತಿ, ಬಲ ಕಡಿಮೆ, ಕರಗುವುದೂ ಬೇಗ. ಸುಣ್ಣದ ಪುಡಿಯ ಹಾಗೆ ಉದುರುವ ಸಿಮೆಂಟ್ ಇದೇ. ಮಾಡಬೇಕಾದ್ದು ತಣ್ಣನೆಯ ದಪ್ಪ ಗಾಜಿನ ಸ್ಲ್ಯಾಬ್. ಪುಡಿಯನ್ನು ಆರೇಳು ಸಣ್ಣ ಪಾಲು ಮಾಡಿ, ಸ್ಲ್ಯಾಬಿನ ಅಗಲಕ್ಕೆ ಹರಡಿ ಕಲೆಸಿ, ಒಟ್ಟು ಒಂದೂವರೆ ನಿಮಿಷ. ಸ್ಪ್ಯಾಚುಲಾ ಎತ್ತಿದರೆ ಒಂದಿಂಚು ಎಳೆ ಬಂದು ಕಡಿಯಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ರಾಯಚೂರಿನ ಒಣ ಬಿಸಿಲಿನಲ್ಲಿ ತಣ್ಣನೆಯ ಸ್ಲ್ಯಾಬಿನ ಮೇಲೆ ಅಷ್ಟು ಬೇಗ ಬೆವರು ಬರುವುದಿಲ್ಲ. ಆದರೆ ಕ್ಲಿನಿಕ್ಕಿನಲ್ಲಿ ನೀರಿನ ಕೂಲರ್ ಓಡುತ್ತಿದ್ದರೆ ಕೋಣೆ ತುಂಬಾ ತೇವ. ಸ್ಲ್ಯಾಬಿನ ಮೇಲೆ ಹನಿ ಕೂರುತ್ತದೆ. ಆ ನೀರು ಸಿಮೆಂಟಿಗೆ ಸೇರಿದರೆ ಬೇಗ ಬಿಗಿಯುತ್ತದೆ, ಬಲವೂ ಹೋಗುತ್ತದೆ. ಸಿಮೆಂಟ್ ಕಲೆಸುವ ಹೊತ್ತಿಗೆ ಕೂಲರ್ ಆಫ್ ಮಾಡಿ, ಸ್ಲ್ಯಾಬನ್ನು ಒಣ ಗಾಜ್‌ನಿಂದ ಒರೆಸಿ. ಮಳೆಗಾಲದಲ್ಲೂ ಹೀಗೇ. ಲಿಕ್ವಿಡ್ ಬಾಟಲಿಯ ಮುಚ್ಚಳ ತೆರೆದಿಟ್ಟರೂ ನೀರಿನ ಲೆಕ್ಕ ತಪ್ಪುತ್ತದೆ. ಲಿಕ್ವಿಡ್ ಮಬ್ಬಾಗಿದ್ದರೆ ಎಸೆಯಿರಿ. ಗ್ಲಾಸ್ ಅಯನೋಮರ್ ಲಿಕ್ವಿಡ್ಡನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಅಂಟಂಟಾಗಿ ಗಟ್ಟಿಯಾಗುತ್ತದೆ.

ಇನ್ನೊಂದು ಅವಸರ: ಪೋಸ್ಟ್ ಅಂಟಿಸಿ ಹತ್ತೇ ನಿಮಿಷಕ್ಕೆ ಕೋರನ್ನು ಹೈಸ್ಪೀಡ್ ಬರ್‌ನಿಂದ ತಿದ್ದುವುದು. ಗ್ಲಾಸ್ ಅಯನೋಮರ್ ಪೂರ್ತಿ ಬಲ ಪಡೆಯಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಆ ನಡುಕಕ್ಕೆ ಒಳಗೆ ಸಿಮೆಂಟ್ ಬಿರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೋರನ್ನು ಅಂಟಿಸುವ ಮೊದಲೇ ತಿದ್ದಿ ಮುಗಿಸಿ, ಉಳಿದದ್ದು ಮರುದಿನ.

ರೆಸಿನ್ ಸಿಮೆಂಟಿನ ಮೇಲೆ ಅನುಮಾನ ಬಂದರೆ ಒಂದು ಕತ್ತಲೆ ಪರೀಕ್ಷೆ ಮಾಡಿ. ಬೇರಿನ ಕೆಳಭಾಗಕ್ಕೆ ಲೈಟ್ ಮುಟ್ಟುವುದಿಲ್ಲ, ಅಲ್ಲಿ ಡ್ಯುಯಲ್ ಕ್ಯೂರ್ (ಬೆಳಕಿಗೂ, ತಾನಾಗಿಯೂ ಗಟ್ಟಿಯಾಗುವ) ಸಿಮೆಂಟ್ ತಾನಾಗಿಯೇ ಗಟ್ಟಿಯಾಗಬೇಕು. ಸ್ವಲ್ಪ ಸಿಮೆಂಟನ್ನು ಪ್ಯಾಡಿನ ಮೇಲೆ ಹಿಂಡಿ, ಇನ್ನೊಂದು ಹಾಳೆಯಿಂದ ಮುಚ್ಚಿ, ಲೈಟ್ ತೋರಿಸದೆ ಡ್ರಾಯರಿನಲ್ಲಿಡಿ. ಹಾಳೆಯಲ್ಲಿ ಹೇಳಿದ ಸಮಯ ಆದ ಮೇಲೆ ಎಕ್ಸ್‌ಪ್ಲೋರರ್‌ನಿಂದ ಚುಚ್ಚಿ. ಮೆತ್ತಗಿದ್ದರೆ ಆ ಸಿರಿಂಜ್ ಕೆಟ್ಟಿದೆ. ಬಿಸಿಲಲ್ಲಿ ಪಾರ್ಸಲ್ ಬಂದದ್ದು, ಕರೆಂಟ್ ಹೋದಾಗ ಫ್ರಿಜ್ ಬೆಚ್ಚಗಾದದ್ದು, ಅವಧಿ ಮುಗಿದದ್ದು ಎಲ್ಲವೂ ಇಲ್ಲಿ ಸಿಕ್ಕಿಬೀಳುತ್ತದೆ. ಡಬಲ್ ಸಿರಿಂಜಿಗೆ ಟಿಪ್ ಹಾಕುವ ಮೊದಲು ಎರಡೂ ಬಾಯಿಂದ ಸಮ ಬರುತ್ತಿದೆಯೇ ಅಂತ ಸ್ವಲ್ಪ ಹಿಂಡಿ ನೋಡಿ. ಒಂದು ಬಾಯಿ ಕಟ್ಟಿದ್ದರೆ ಎಷ್ಟು ಕಾದರೂ ಗಟ್ಟಿಯಾಗದು. ಬಾಂಡಿಂಗ್ (ಹಲ್ಲಿಗೆ ಹಚ್ಚುವ ಅಂಟು) ಬೇರೆ ಹಾಕುವವರು ಅದು ಡ್ಯುಯಲ್ ಕ್ಯೂರ್ ಸಿಮೆಂಟಿಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಒಂದೇ ಬಾಟಲಿಯ ಸೆಲ್ಫ್ ಎಚ್ ಬಾಂಡುಗಳ ಹುಳಿ ಕೆಲವು ಸಿಮೆಂಟುಗಳನ್ನು ತಾನಾಗಿ ಗಟ್ಟಿಯಾಗಲು ಬಿಡುವುದಿಲ್ಲ.

ಫೈಬರ್ ಪೋಸ್ಟಿನ ನಾಲ್ಕು ಮಾತು

ಫೈಬರ್ ಪೋಸ್ಟ್ ರೆಡಿಮೇಡ್, ಗುಂಡಗಿರುತ್ತದೆ. ನಮ್ಮ ಹಲ್ಲಿನ ಬೇರು ಎಷ್ಟೋ ಸಲ ಮೊಟ್ಟೆಯಾಕಾರ. ಉಳಿದ ಜಾಗವನ್ನೆಲ್ಲ ಸಿಮೆಂಟಿನಿಂದ ತುಂಬಿಸಿದರೆ ಆ ದಪ್ಪ ಪದರ ಗಟ್ಟಿಯಾಗುವಾಗ ಕುಗ್ಗಿ ಗೋಡೆಯನ್ನು ಬಿಟ್ಟುಬಿಡುತ್ತದೆ. ಬೇರಿನ ಒಳಗೆ ಸುತ್ತಲೂ ಗೋಡೆಯೇ ಇರುವುದರಿಂದ ಈ ಎಳೆತಕ್ಕೆ ಬಿಡುವು ಸಿಗದು. ಪರಿಹಾರ ಇದೆ. ಬೇರಿನ ಒಳಗೆ ಗ್ಲಿಸರಿನ್ ಸವರಿ, ಸೈಲೇನ್ (ಗಾಜಿಗೂ ರೆಸಿನ್ನಿಗೂ ನಂಟು ಕೂಡಿಸುವ ದ್ರವ) ಮತ್ತು ಬಾಂಡ್ ಹಚ್ಚಿದ ಪೋಸ್ಟಿನ ಮೇಲೆ ಕಾಂಪೋಸಿಟ್ ಮೆತ್ತಿ ಒಳಗೆ ಕೂರಿಸಿ. ಸ್ವಲ್ಪ ಕ್ಯೂರ್ ಮಾಡಿ ಹೊರತೆಗೆದು, ಹೊರಗೆ ಪೂರ್ತಿ ಕ್ಯೂರ್ ಮಾಡಿ. ಈಗ ಪೋಸ್ಟ್ ಆ ಬೇರಿನದೇ ಅಳತೆಗೆ ಬಂತು. ಗ್ಲಿಸರಿನ್ ಚೆನ್ನಾಗಿ ತೊಳೆದು ಆಮೇಲೆ ಅಂಟಿಸಿ.

ಮೊದಲು ಅಳತೆ ನೋಡಿ, ಆಮೇಲೆ ಆಲ್ಕೋಹಾಲಿನಿಂದ ಒರೆಸಿ, ಆಮೇಲೆ ಸೈಲೇನ್ ಒಂದು ನಿಮಿಷ, ಒಣಗಿಸಿ. ಸೈಲೇನ್ ಹಚ್ಚಿದ ಮೇಲೆ ಬೆರಳು ಮುಟ್ಟಬಾರದು. ಹೈಡ್ರೋಫ್ಲೂರಿಕ್ ಆಸಿಡ್ ಹಾಕಬೇಡಿ, ಗಾಜಿನ ಎಳೆಗಳನ್ನೇ ತಿನ್ನುತ್ತದೆ. ಕತ್ತರಿಸುವುದು ಡೈಮಂಡ್ ಡಿಸ್ಕಿನಿಂದ ಮಾತ್ರ. ಕಟರ್‌ನಿಂದ ಕಚ್ಚಿದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ಕೋರ್ ಮಾತ್ರ ಕಳಚಿ ಪೋಸ್ಟ್ ಒಳಗೇ ನಿಂತಿದ್ದರೆ ಮೊದಲು ಅನುಮಾನಿಸಬೇಕಾದ್ದು ಈ ಸೈಲೇನಿನ ಹೆಜ್ಜೆಯನ್ನೇ.

ನಮ್ಮ ಮೂರೂ ಜಿಲ್ಲೆಗಳಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ತೊಂದರೆ ಇದೆ. ಫ್ಲೋರೋಸಿಸ್ ಇರುವ ಹಲ್ಲಿನಲ್ಲಿ ಎನಾಮೆಲ್ ಮೇಲ್ಪದರ ಎಚ್ಚಂಟಿಗೆ (ಮೈ ಒರಟು ಮಾಡುವ ಆಸಿಡ್ಡಿಗೆ) ಅಷ್ಟು ಬೇಗ ಮಣಿಯುವುದಿಲ್ಲ. ಕೋರಿನ ಅಂಚು ಎನಾಮೆಲ್ ಮೇಲೆ ಬರುವುದಾದರೆ ಮೇಲ್ಪದರವನ್ನು ಡೈಮಂಡ್ ಬರ್‌ನಿಂದ ತೆಳುವಾಗಿ ತೆಗೆದು ಎಚ್ ಮಾಡಿ.

ಸಿಂಧನೂರಿನ ಆ ತಾಯಿಯ ಪೋಸ್ಟ್

ಅಳೆದೆ. ಬೇರಿನ ಒಳಗೆ ಇಳಿದಿದ್ದ ಭಾಗ 6 ಮಿ.ಮೀ. ಬೇರು 13. ತುದಿಯ 2 ಮಿ.ಮೀ.ನಲ್ಲಿ ಸಿಮೆಂಟಿನ ಗುರುತೇ ಇಲ್ಲ. ಮೇಲೆ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ಹೊಳೆಯುವ ಲೋಹ. ನಡುವೆ ಒಂದು ಗಂಟು, ಅದರ ಸುತ್ತ ಉಜ್ಜಿದ ಗೀರು. ವೆಂಟ್ ಇಲ್ಲ. ಎಕ್ಸ್‌ರೇಯಲ್ಲಿ ಗಟ್ಟಾ ಪರ್ಚಾ 5 ಮಿ.ಮೀ. ಇತ್ತು, ಅದರ ಮೇಲೆ, ಪೋಸ್ಟ್ ಮುಟ್ಟದ 2 ಮಿ.ಮೀ. ಖಾಲಿ. ಪೋಸ್ಟ್ ಗಂಟಿನ ಹತ್ತಿರ ಸಿಕ್ಕಿ ನಿಂತಿದೆ, ಯಾರೋ ತಿಕ್ಕಿದ್ದಾರೆ, ಆದರೂ ಪೂರ್ತಿ ಇಳಿದಿಲ್ಲ, ಉಳಿದ ಕೆಲಸವನ್ನು ಸಿಮೆಂಟಿಗೆ ಬಿಟ್ಟಿದ್ದಾರೆ. ಪ್ರೋಬ್ ಸುತ್ತಲೂ 2-3ರಲ್ಲೇ ನಿಂತಿತು, ನೀಲಿ ಗೆರೆ ಇಲ್ಲ. ಹಿಂಬದಿ ಮತ್ತು ಎರಡೂ ಪಕ್ಕ 2 ಮಿ.ಮೀ. ಹಲ್ಲಿತ್ತು, ಮುಂಬದಿ ಒಂದೂವರೆ.

"ಅವ್ವಾ, ಇದನ್ನ ಇವತ್ತ ಅಂಟಿಸಿದ್ರ ಮತ್ತ ಬೀಳ್ತದ. ಬೇರು ಗಟ್ಟಿ ಅದ, ಹೊಸದು ಮಾಡೋಣು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಖರ್ಚು ಕೇಳಿದರು, ಹೇಳಿದೆ. ಒಪ್ಪಿದರು. ಗಟ್ಟಾ ಪರ್ಚಾ 1 ಮಿ.ಮೀ. ಇಳಿಸಿ, 9 ಮಿ.ಮೀ. ಜಾಗ ಮಾಡಿ, ರೆಸಿನ್ನಿನಲ್ಲಿ ಪ್ಯಾಟರ್ನ್ ತೆಗೆದೆ. ಯೂಜಿನಾಲ್ ಇಲ್ಲದ ಸಿಮೆಂಟಿನಲ್ಲಿ ತಾತ್ಕಾಲಿಕ ಕ್ಯಾಪ್ ಕೂರಿಸಿ ಮೂರರ ಬಸ್ಸಿಗೆ ಕಳಿಸಿದೆ. ಲ್ಯಾಬ್ ಚೀಟಿಯಲ್ಲಿ ಹೀಗೆ ಬರೆದೆ: "ಪೋಸ್ಟ್ ಮಾತ್ರ ಬೇರೆ ರಿಂಗಿನಲ್ಲಿ. ಲೈನರ್ ಬೇಡ. ಉದ್ದಕ್ಕೆ ಒಂದು ವೆಂಟ್ ಇರಲಿ. ಪೋಸ್ಟಿಗೆ ಪಾಲಿಶ್ ಬೇಡ. ಗಂಟು ಕಂಡರೆ ತೆಗೆಯಬೇಡಿ, ಹಾಗೇ ಕಳಿಸಿ, ನಾನು ನೋಡುತ್ತೇನೆ."

ಮುಂದಿನ ವಾರ ಪೋಸ್ಟ್ ಬಂತು. ಬೆರಳಿನ ಒತ್ತಡವಿಲ್ಲದೆ ಕೊನೆಯವರೆಗೆ ಇಳಿಯಿತು. ಸ್ಯಾಂಡ್‌ಬ್ಲಾಸ್ಟ್ ಮಾಡಿ, ಕೂಲರ್ ಆಫ್ ಮಾಡಿಸಿ, ಜಿಂಕ್ ಫಾಸ್ಫೇಟಿನಲ್ಲಿ ಕೂರಿಸಿ, ಗಟ್ಟಿಯಾಗುವವರೆಗೆ ಬೆರಳು ತೆಗೆಯದೆ ಹಿಡಿದುಕೊಂಡೆ. ಕ್ರೌನಿನ ಅಳತೆಗೆ ಮರುದಿನ ಬರಲು ಹೇಳಿದೆ. ಅಂದು ರಾತ್ರಿ ಊರಿಗೆ ಹೋಗದೆ ರಾಯಚೂರಿನಲ್ಲೇ ತಂಗಿ ಮನೆಯಲ್ಲಿ ಉಳಿದು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು.